ತಿಂಗಳ ಖರ್ಚಿನಲ್ಲಿ ಅವಳ ಪಾಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆ ಕೈಕೊಟ್ಟರೆ ಶೇಂಗಾ ಹೋಯಿತು, ಶೇಂಗಾ ಹೋದರೆ ವರ್ಷದ ಲೆಕ್ಕವೇ ಹೋಯಿತು ಎನ್ನುವ ಸೀಮೆ. ಇಲ್ಲಿನ ಒಂದು ಮನೆಯಲ್ಲಿ ತಾಯಿ ಮತ್ತು ಇಬ್ಬರು ಬೆಳೆದ ಹೆಣ್ಣುಮಕ್ಕಳಿದ್ದಾರೆ ಎಂದುಕೊಳ್ಳಿ. ಒಬ್ಬೊಬ್ಬರಿಗೆ ತಿಂಗಳಿಗೆ ಹತ್ತೇ ಪ್ಯಾಡು, ಒಂದಕ್ಕೆ ಏಳು ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಎರಡೂವರೆ ಸಾವಿರ ದಾಟುತ್ತದೆ. 2025-26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಏಳು ದಿನದ ಬೆವರು ಇದಕ್ಕೇ ಬೇಕು. ಕೈ ಬಿಗಿಯಾದಾಗ ಮನೆಯ ಪಟ್ಟಿಯಿಂದ ಮೊದಲು ಬಿಟ್ಟುಹೋಗುವುದು ತಾಯಿಯ ಪ್ಯಾಡು. ಮಕ್ಕಳಿಗೆ ತಂದು, ತಾನು ಹಳೇ ಸೀರೆಯ ಅಂಚು ಹರಿದುಕೊಳ್ಳುತ್ತಾಳೆ.

ಪ್ಯಾಡು ಅಂಗಡಿಗೆ ಬಂದದ್ದು ದೊಡ್ಡ ಸುತ್ತು ಬಳಸಿ. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳ ಪಟ್ಟಿಗೆಂದು ಮರದ ತಿರುಳಿನಿಂದ ಮಾಡಿದ, ಹತ್ತಿಯಂತೆ ಹೀರುವ ವಸ್ತುವನ್ನು ನರ್ಸುಗಳು ತಮ್ಮ ಮುಟ್ಟಿಗೂ ಬಳಸಿಕೊಂಡರು. ಯುದ್ಧ ಮುಗಿದ ಮೇಲೆ ಅಮೆರಿಕದ ಕಂಪನಿಯೊಂದು ಅದನ್ನೇ ಕೋಟೆಕ್ಸ್ ಎಂದು ಮಾರಿತು. ಬಾಯಿಬಿಟ್ಟು ಕೇಳಲು ಹೆಂಗಸರು ನಾಚುತ್ತಿದ್ದರಿಂದ ಕೌಂಟರಿನ ಮೇಲೆ ಪೊಟ್ಟಣಗಳನ್ನಿಟ್ಟು, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬಿ ಇಟ್ಟರು. ನಮ್ಮ ಅಂಗಡಿಗಳು ಇಂದಿಗೂ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ ಕೊಡುತ್ತವೆ. ನೂರು ವರ್ಷವಾದರೂ ಆ ನಾಚಿಕೆ ಹೋಗಿಲ್ಲ.

ಸರ್ಕಾರ ಈ ಲೆಕ್ಕಕ್ಕೆ ಕೈ ಹಾಕಿದ್ದು ತಡವಾಗಿ. ಕೇಂದ್ರ 2011ರಲ್ಲಿ ಆಯ್ದ ಜಿಲ್ಲೆಗಳಲ್ಲಿ ಆರು ಪ್ಯಾಡಿನ ಪೊಟ್ಟಣವನ್ನು ಆರು ರೂಪಾಯಿಗೆ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಮಾರಿಸಿತು. ಒಂದು ಪೊಟ್ಟಣ ಮಾರಿದರೆ ಆಕೆಗೆ ಸಿಗುತ್ತಿದ್ದದ್ದು ಒಂದು ರೂಪಾಯಿ. ಕರ್ನಾಟಕ 2013-14ರ ಹೊತ್ತಿಗೆ ‘ಶುಚಿ’ ಯೋಜನೆ ತಂದು ಸರ್ಕಾರಿ ಶಾಲೆ, ಹಾಸ್ಟೆಲುಗಳ ಹುಡುಗಿಯರಿಗೆ ಪ್ಯಾಡು ಉಚಿತ ಎಂದಿತು. ಆರೋಗ್ಯ ಇಲಾಖೆಯ ಪೊಟ್ಟಣಗಳು ಹಳ್ಳಿ ಶಾಲೆಯ ಬೀರುವಿನವರೆಗೆ ಬಂದದ್ದು ಸಣ್ಣ ಸಂಗತಿಯಲ್ಲ. ಟೀಚರ್ ಕೈಯಿಂದ ಪೊಟ್ಟಣ ಇಸಿದುಕೊಂಡ ಹುಡುಗಿಗೆ ಅದನ್ನು ಎದುರಿಗೇ ಕೇಳಬಹುದು ಎನ್ನುವ ಧೈರ್ಯವೂ ಜೊತೆಗೇ ಬಂತು.

ಆದರೆ ಕೋವಿಡ್ ಬಂತು, ಪೂರೈಕೆ ನಿಂತಿತು. ಶಾಲೆ ತೆರೆದ ಮೇಲೂ ಶುಚಿ ಬರಲಿಲ್ಲ. ಮತ್ತೆ ಶುರುವಾಗಲು ವರ್ಷಗಳೇ ಹಿಡಿದವು. ಮುಟ್ಟು ಟೆಂಡರಿಗಾಗಿ ಕಾಯುವುದಿಲ್ಲ. ಪ್ಯಾಡಿಗೆ ಒಗ್ಗಿದ ಹುಡುಗಿಯರು ಅಂಗಡಿಗೆ ಹೋದರು, ಇಲ್ಲವೇ ಬಟ್ಟೆಗೆ ಮರಳಿದರು.

ತೆರಿಗೆಯದೂ ಇದೇ ಕಥೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಬಳೆ, ಕುಂಕುಮಕ್ಕೆ ತೆರಿಗೆ ಇರಲಿಲ್ಲ; ಪ್ಯಾಡಿಗೆ ಶೇ 12. ದೇಶದ ಹೆಣ್ಣುಮಕ್ಕಳು ಸಿಡಿದೆದ್ದ ಮೇಲೆ 2018ರ ಜುಲೈನಲ್ಲಿ ತೆಗೆದರು. ಆದರೆ ಕಚ್ಚಾ ವಸ್ತುವಿನ ಮೇಲೆ ಕಟ್ಟಿದ ತೆರಿಗೆಯನ್ನು ತಯಾರಕರು ಹಿಂಪಡೆಯುವ ಅವಕಾಶವೂ ಅದರೊಂದಿಗೇ ಹೋಯಿತು. ಹಾಗಾಗಿ ನೂರಕ್ಕೆ ಆ ಹನ್ನೆರಡು ರೂಪಾಯಿ ಪೂರ್ತಿಯಾಗಿ ಗಿರಾಕಿಯ ಕೈಗೆ ಬರುವಂತಿರಲಿಲ್ಲ. ಜನೌಷಧಿ ಕೇಂದ್ರಗಳಲ್ಲಿ 2019ರ ಆಗಸ್ಟಿನಿಂದ ಪ್ಯಾಡಿಗೆ ಒಂದೇ ರೂಪಾಯಿ. ಆದರೆ ಹಟ್ಟಿಯಿಂದ ಅಂಥ ಅಂಗಡಿಗೆ ಹೋಗಿಬರುವ ಬಿಡುವು ಯಾರಿಗಿದೆ?

ಹಟ್ಟಿ ಎಂದ ಮೇಲೆ ಗೊಲ್ಲರಹಟ್ಟಿಗಳನ್ನು ಬಿಟ್ಟು ಈ ಸೀಮೆಯ ಮಾತು ಮುಗಿಯದು. ಜುಂಜಪ್ಪ ದೇವರಿಗೆ ನಡೆದುಕೊಳ್ಳುವ ಕಾಡುಗೊಲ್ಲರಲ್ಲಿ ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗಿರಬೇಕೆಂಬ ಕಟ್ಟಳೆ ಹಳೆಯದು. ಸೂತಕ ತಾಗಿದರೆ ದೇವರಿಗೆ ಮೈಲಿಗೆ ಎಂಬ ಭಯ. ಹೀಗೆ ಹೊರಗಿಡುವುದನ್ನು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆನ್ನುತ್ತದೆ. ಆದರೂ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆ-ಚಳಿಯ ನಡುವೆ ಊರಾಚೆಯ ಗುಡಿಸಲಿನಲ್ಲಿದ್ದ ಹಸುಗೂಸು ತೀರಿಕೊಂಡಿತು. ಹೊರಗಿರುವವರಿಗೆಂದು ಸರ್ಕಾರವೇ ಕೆಲವು ಹಟ್ಟಿಗಳಲ್ಲಿ ಕೃಷ್ಣಕುಟೀರ ಎಂಬ ಕಟ್ಟಡ ಕಟ್ಟಿಸಿಕೊಟ್ಟದ್ದೂ ಉಂಟು. ಮಳೆಯಲ್ಲಿ ನೆನೆಯುವುದಕ್ಕಿಂತ ಸೂರು ಮೇಲು, ನಿಜ. ಆದರೆ ಆ ಕಟ್ಟಡ ಹೊರಗಿಡುವುದನ್ನು ನಿಲ್ಲಿಸಲಿಲ್ಲ, ಹೊರಗಿಟ್ಟವರಿಗೆ ಗೋಡೆ ಕೊಟ್ಟಿತು ಅಷ್ಟೇ.

ಬಟ್ಟೆಯೋ, ಪ್ಯಾಡೋ, ಯಾವುದನ್ನು ಬಳಸಬೇಕು ಎಂಬ ಪ್ರಶ್ನೆಯ ನಿಜವಾದ ತೂಕ ಗೊತ್ತಾಗುವುದು ಇಲ್ಲಿ. ಬಟ್ಟೆಯಾದರೆ ಒಗೆಯಲು ನೀರು, ಒಣಗಿಸಲು ಬಿಸಿಲು ಬೇಕು. ಪಾವಗಡದಂಥ ಕಡೆ ಕುಡಿಯುವ ನೀರಿಗೇ ಬರ ಬಂದದ್ದುಂಟು. ಬಿಸಿಲಿಗೆ ಬರವಿಲ್ಲದಿದ್ದರೂ ಯಾರ ಕಣ್ಣಿಗೂ ಬೀಳದಂತೆ ಇನ್ನೊಂದು ಬಟ್ಟೆಯ ಅಡಿಯಲ್ಲಿ ಹರವಬೇಕು. ಅರೆಬರೆ ಒಣಗಿದ್ದನ್ನೇ ಮತ್ತೆ ಕಟ್ಟಿಕೊಂಡರೆ ನವೆ, ಸೋಂಕು. ಪ್ಯಾಡಾದರೆ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಕಳೆ ಕೀಳುವ ಹೊಲದಲ್ಲಿ ಮರೆ ಎಲ್ಲಿ? ಬಳಸಿದ್ದನ್ನು ಎಲ್ಲಿ ಹಾಕುವುದು? ಎಸೆದದ್ದನ್ನು ಹಾವು ದಾಟಿದರೆ ಮಕ್ಕಳಾಗುವುದಿಲ್ಲ ಎಂಬ ಅಂಜಿಕೆ ಬೇರೆ. ಒಳಗಿನ ಪ್ಲಾಸ್ಟಿಕ್ ಮಣ್ಣಿನಲ್ಲಿ ಕರಗುವುದೂ ಇಲ್ಲ.

ಮುಟ್ಟಿನ ಕಪ್ ಈ ಎರಡರ ಕಷ್ಟವನ್ನೂ ಬಹಳ ಮಟ್ಟಿಗೆ ತಪ್ಪಿಸುತ್ತದೆ. ಅಮೆರಿಕದ ನಟಿ ಲಿಯೋನಾ ಚಾಮರ್ಸ್ 1937ರಲ್ಲೇ ಪೇಟೆಂಟ್ ಪಡೆದ ವಸ್ತು ಅದು. ಇಂದಿನ ಸಿಲಿಕೋನ್ ಕಪ್ಪಿಗೆ ಮುನ್ನೂರು, ನಾನೂರು ರೂಪಾಯಿ ಕೊಟ್ಟರೆ ವರ್ಷಗಟ್ಟಲೆ ಬಾಳುತ್ತದೆ, ಒಮ್ಮೆ ಹಾಕಿಕೊಂಡರೆ ಎಂಟು ಗಂಟೆಗೂ ಮೀರಿ ತಡೆಯುತ್ತದೆ. ರಾಜ್ಯ ಸರ್ಕಾರ 2023ರಲ್ಲಿ ‘ಮೈತ್ರಿ’ ಹೆಸರಿನಲ್ಲಿ ಅದನ್ನು ದಕ್ಷಿಣ ಕನ್ನಡ ಮತ್ತು ಚಾಮರಾಜನಗರದಲ್ಲಿ ಪ್ರಯೋಗಕ್ಕಿಟ್ಟಿತು. ಆದರೆ ಕಪ್ ಕುದಿಸಲು ಒಂದು ಪಾತ್ರೆ, ಬಾಗಿಲು ಹಾಕಿಕೊಳ್ಳಲು ಒಂದು ಬಚ್ಚಲು ಬೇಕು. ಒಳಗೆ ಹಾಕಿಕೊಂಡರೆ ಕನ್ಯತ್ವ ಹೋಗುತ್ತದೆಂಬ ಮಾತಿಗೆ ಉತ್ತರ ಹೇಳುವ ನರ್ಸಮ್ಮ ಬೇಕು. ಇವಿಲ್ಲದೆ ಕೈಗೆ ಕಪ್ ಕೊಟ್ಟರೆ ಅದು ಟ್ರಂಕಿನ ತಳ ಸೇರುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬಟ್ಟೆಯನ್ನೂ ಬಳಸುತ್ತೇವೆ ಎಂದಿದ್ದಾರೆ. ಅವರನ್ನು ಹಿಂದುಳಿದವರೆಂದು ಕರೆಯಬೇಕಿಲ್ಲ. ಚೆನ್ನಾಗಿ ಒಗೆದು ಬಿಸಿಲಲ್ಲಿ ಒಣಗಿಸಿದ ಹತ್ತಿ ಬಟ್ಟೆ ಯಾವ ಪ್ಯಾಡಿಗೂ ಕಡಿಮೆಯಲ್ಲ. ಬಟ್ಟೆ ಅವಳು ಆರಿಸಿಕೊಂಡದ್ದೋ, ಬಡತನ ಹೊರಿಸಿದ್ದೋ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ನಾಲ್ಕೂ ತಾಲ್ಲೂಕಿನ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯರಲ್ಲಿ, ಪಂಚಾಯಿತಿಯವರಲ್ಲಿ ಒಂದು ವಿನಂತಿ. ಮುಂದಿನ ಸಭೆಯಲ್ಲಿ ಶುಚಿ ಪೊಟ್ಟಣ ಕಳೆದ ತಿಂಗಳು ಬಂತೇ, ಶಾಲೆಯ ಶೌಚಾಲಯದ ಚಿಲಕ ಸರಿಯಿದೆಯೇ, ನಲ್ಲಿಯಲ್ಲಿ ನೀರಿದೆಯೇ ಎಂದು ಕೇಳಿ. ಬಟ್ಟೆ, ಪ್ಯಾಡು, ಕಪ್ ಮೂರನ್ನೂ ಮೇಜಿನ ಮೇಲಿಟ್ಟು ಹುಡುಗಿಯರಿಗೆ ತೋರಿಸಲು ಆರೋಗ್ಯ ಕೇಂದ್ರದವರನ್ನು ಕರೆಸಿ. ಓದು ಬಿಟ್ಟವರನ್ನೂ ಅವರ ತಾಯಂದಿರನ್ನೂ ಅಂದೇ ಕರೆಯಿರಿ. ಶುಚಿಯ ಪಟ್ಟಿಯಲ್ಲಿ ಅವರ ಹೆಸರಿಲ್ಲ.