‘ಅದು’ ಅಂದ್ರೆ ಯಾವುದು?

ನನ್ನ ಮೊದಲ ಸಂಶೋಧನಾ ಪ್ರಬಂಧ ವಾಪಸ್ ಬಂದಾಗ ಒಂದು ವಾಕ್ಯದ ಪಕ್ಕದಲ್ಲಿ ‘ಅರ್ಥ ಸ್ಪಷ್ಟವಿಲ್ಲ’ ಅಂತ ಬರೆದಿತ್ತು. ವಿಷಯ ನಮ್ಮ ಕಡೆಯದೇ: ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್. ಶಹಾಪುರದಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ನನ್ನ ಇಂಗ್ಲಿಷೇ ಸರಿಯಿಲ್ಲ ಅನ್ನಿಸಿತು. ಡಿಕ್ಷನರಿ ಹಿಡಿದು ದೊಡ್ಡ ದೊಡ್ಡ ಪದ ತುಂಬಿದೆ. ವಾಕ್ಯ ಇನ್ನೂ ಕಗ್ಗಂಟಾಯಿತು.

ಊರಿಗೆ ಹೋದಾಗ ಅದನ್ನೇ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ: ‘ಕಾಲುವೆಗೆ ಸೆನ್ಸರ್ ಕೂರಿಸಿ ನೀರು ಬಿಟ್ಟರು, ಹತ್ತು ದಿನಕ್ಕೆ ಅದು ಬಂದ್ ಆಯ್ತು.’

ಅಪ್ಪ ಕೇಳಿದರು, ‘ಯಾವ್ದು ಬಂದ್ ಆತು? ಕಾಲುವೀನೋ, ನಿನ್ನ ಮಷೀನೋ?’

ನಾನು ಸುಮ್ಮನಾದೆ. ನಮ್ಮಲ್ಲಿ ವಾರಾಬಂದಿ ಇದೆ. ಸರದಿಯಂತೆ ಕೆಲವು ದಿನ ನೀರು ಬಿಟ್ಟು, ಕೆಲವು ದಿನ ನಿಲ್ಲಿಸುತ್ತಾರೆ. ಕಾಲುವೆ ಬಂದ್ ಆಗಿದ್ದರೆ ಸೊನ್ನೆ ತೋರಿಸಿದ ಸೆನ್ಸರ್ ಸರಿ. ಸೆನ್ಸರ್ ಬಂದ್ ಆಗಿದ್ದರೆ ಆ ಸೊನ್ನೆ ಸುಳ್ಳು. ಕಾಲುವೆಯ ಕೊನೇ ಭಾಗದ ರೈತನಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಕನ್ನಡದಲ್ಲಿ ‘ಬಿಟ್ಟರು’ ಅಂದರೆ ಸಾಕು, ಯಾರು ಅಂತ ಹೇಳಬೇಕಿಲ್ಲ. ಗೊತ್ತಾಗದಿದ್ದರೆ ಎದುರಿಗಿದ್ದವರು ಕೇಳ್ತಾರೆ. ಪ್ರಬಂಧ ಓದುವವರು ಕೇಳೋಕಾಗಲ್ಲ. ಹಾಗಾಗಿ ‘ಇಟ್’, ‘ದಿಸ್’ ಇದ್ದಲ್ಲೆಲ್ಲ ವಸ್ತುವಿನ ಹೆಸರೇ ಬರೆದೆ. ಒಮ್ಮೆ ಡಿವೈಸ್, ಒಮ್ಮೆ ಯೂನಿಟ್ ಅಂದಿದ್ದನ್ನು ಸೆನ್ಸರ್ ಎಂದೇ ಉಳಿಸಿದೆ. ಕೋಡ್‌ನಲ್ಲಿ ಒಂದೇ ವೇರಿಯಬಲ್‌ಗೆ ಮೂರು ಹೆಸರಿಡ್ತೀವಾ? ವಾರಾಬಂದಿಯನ್ನು ಹಾಗೇ ಇಟ್ಟು, ಮೊದಲ ಸಲ ಬಂದಾಗಲೇ ಒಂದು ಸಾಲಿನಲ್ಲಿ ವಿವರಿಸಿದೆ.

ಈ ಕೆಲಸ ಬರೀ ಹೊಸಬರದಲ್ಲ. ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಪ್ರಕಟವಾದ, ಕೊಡವರ ಕುರಿತ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ಬಳಸಿದರು. 1956ರ ಲೇಖನದಲ್ಲಿ ಆ ಪದ ಒಡ್ಡಾಗಿದೆಯೆಂದು ತಾವೇ ಒಪ್ಪಿಕೊಂಡು, ‘ಬ್ರಾಹ್ಮಣೀಕರಣ’ ಯಾಕೆ ಸಾಲದು ಅಂತ ಕಾರಣ ಕೊಟ್ಟರು: ಈ ಬದಲಾವಣೆ ತಂದವರು ಯಾವಾಗಲೂ ಬ್ರಾಹ್ಮಣರೇ ಆಗಿರಲಿಲ್ಲ. ಓದುಗ ಕೇಳಬಹುದಾದ ಪ್ರಶ್ನೆಗೆ ಮೊದಲೇ ಉತ್ತರಿಸಿದ್ದರು.

ಮತ್ತೆ ಕಳಿಸಿದಾಗ ಆ ವಾಕ್ಯದ ಬಗ್ಗೆ ಪ್ರಶ್ನೆ ಬರಲಿಲ್ಲ. ಬೇರೆ ನಾಲ್ಕು ಬಂದವು! ಈಗ ಏನೇ ಬರೆದರೂ ಕಳಿಸುವ ಮುಂಚೆ ಅಪ್ಪನಿಗೆ ಫೋನ್ ಮಾಡಿ ಕನ್ನಡದಲ್ಲಿ ಹೇಳ್ತೀನಿ. ಅವರು ‘ಯಾವ್ದು?’ ಅಂದ ಕಡೆ ತಿದ್ದುತ್ತೀನಿ.