'ನೈಂಟೀನ್ ಎಯ್ಟಿಫೋರ್' ಕಾದಂಬರಿ: ತಪ್ಪು ಕಲ್ಪನೆ ಮತ್ತು ಸತ್ಯ

ಜಾರ್ಜ್ ಆರ್ವೆಲ್‌ನ 'ನೈಂಟೀನ್ ಎಯ್ಟಿಫೋರ್' 1949ರ ಜೂನ್ 8ರಂದು ಲಂಡನ್ನಿನಲ್ಲಿ ಪ್ರಕಟವಾಯಿತು. ನಿರಂಕುಶ ಪ್ರಭುತ್ವದ ಕೈಗೆ ಸಿಕ್ಕ ಮನುಷ್ಯನ ಮನಸ್ಸು ಏನಾಗುತ್ತದೆ ಎಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಕೃತಿಗಳು ವಿರಳ. ಅದನ್ನು ಓದದವರಿಗೂ ಅದರೊಳಗಿನ ಸರ್ವಾಧಿಕಾರಿ 'ಬಿಗ್ ಬ್ರದರ್' ಗೊತ್ತು. ಹೀಗಾಗಿ ತರಗತಿಯಲ್ಲಿ ಪಾಠ ಶುರುವಾಗುವ ಮೊದಲೇ ವಿದ್ಯಾರ್ಥಿಗಳ ತಲೆಯಲ್ಲಿ ಕೆಲವು ತಪ್ಪು ಕಲ್ಪನೆಗಳು ಮನೆ ಮಾಡಿರುತ್ತವೆ.

ಕಾದಂಬರಿ ಒಂದು ಭವಿಷ್ಯವಾಣಿ, ಅದು ನಿಜವಾಗಲಿಲ್ಲ ಎನ್ನುವವರಿದ್ದಾರೆ. ಆರ್ವೆಲ್ ಕೊಟ್ಟದ್ದು ಎಚ್ಚರಿಕೆ. ತಡೆಯದಿದ್ದರೆ ಹೀಗೂ ಆದೀತು ಎಂಬ ಎಚ್ಚರಿಕೆ. 1948ರ ಕೊನೆಯ ಎರಡು ಅಂಕೆಗಳನ್ನು ತಿರುಗಿಸಿ ಶೀರ್ಷಿಕೆ ಮಾಡಿದ ಎಂಬ ಜನಪ್ರಿಯ ವಿವರಣೆಗೂ ಗಟ್ಟಿ ಆಧಾರವಿಲ್ಲ. ಹಸ್ತಪ್ರತಿಯಲ್ಲಿ ಕಥೆಯ ಇಸವಿ ಮೊದಲು 1980 ಇತ್ತು, ಆಮೇಲೆ 1982 ಆಯಿತು, ಕೊನೆಗೆ 1984ಕ್ಕೆ ನಿಂತಿತು. ದಿನಚರಿ ಬರೆಯಲು ಕೂರುವ ಕಥಾನಾಯಕ ವಿನ್‌ಸ್ಟನ್ ಸ್ಮಿತ್‌ಗೇ ಅದು ಯಾವ ಇಸವಿ ಎಂಬುದು ಖಚಿತವಿಲ್ಲ.

ಇದು ಸಮಾಜವಾದದ ಮೇಲಿನ ದಾಳಿ ಎಂಬ ನಂಬಿಕೆ ಇನ್ನೂ ಬಲವಾದದ್ದು. ಶೀತಲ ಸಮರದ ಕಾಲದಲ್ಲಿ ಪುಸ್ತಕವನ್ನು ಹಾಗೆಯೇ ಓದಿಸಲಾಯಿತು. ಆರ್ವೆಲ್ ಮಾತ್ರ ಕೊನೆಯವರೆಗೂ ಸಮಾಜವಾದಿಯಾಗಿದ್ದ. ಸಮಾಜವಾದವನ್ನಾಗಲಿ ಬ್ರಿಟನ್ನಿನ ಲೇಬರ್ ಪಕ್ಷವನ್ನಾಗಲಿ ಹಳಿಯಲು ಬರೆದದ್ದಲ್ಲ ಎಂದು 1949ರಲ್ಲೇ ಸ್ಪಷ್ಟಪಡಿಸಿದ. 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೋ ಸೇನೆಯ ವಿರುದ್ಧ ಹೋರಾಡುತ್ತಿದ್ದಾಗ ಅವನ ಕುತ್ತಿಗೆಗೆ ಗುಂಡು ಬಿದ್ದಿತ್ತು. ಅವನಿದ್ದ ಎಡಪಂಥೀಯ ಪಡೆಗೇ ಸ್ಟಾಲಿನ್ ಬೆಂಬಲಿಗರು ಫ್ಯಾಸಿಸ್ಟರ ಏಜೆಂಟರೆಂಬ ಹಣೆಪಟ್ಟಿ ಕಟ್ಟಿ ಬೇಟೆಯಾಡಿದರು. ನಡೆಯದ ಕಾಳಗಗಳ ವರದಿಗಳನ್ನು ಪತ್ರಿಕೆಗಳಲ್ಲಿ ಓದಿದ್ದು ಅವನನ್ನು ಗುಂಡೇಟಿಗಿಂತ ಹೆಚ್ಚು ಕಾಡಿತು ಎನ್ನಬಹುದು. ಹಾಗೆಂದು ಅವನು ಕಥೆಯನ್ನು ರಷ್ಯಾದಲ್ಲಿ ಇಡಲಿಲ್ಲ, ಲಂಡನ್ನಿನಲ್ಲಿ ಇಟ್ಟ. ಇಂಗ್ಲಿಷ್ ಮಾತಾಡುವ ಜನ ನಿರಂಕುಶತೆಯ ರೋಗಕ್ಕೆ ಅತೀತರಲ್ಲ ಎಂಬುದು ಅವನ ಖಚಿತ ನಿಲುವು.

ಎಲ್ಲಕ್ಕಿಂತ ವ್ಯಾಪಕವಾಗಿರುವುದು, ಕಾದಂಬರಿಯ ವಸ್ತು ಕಣ್ಗಾವಲು ಎಂಬ ತಿಳಿವಳಿಕೆ. ಬೀದಿಯಲ್ಲಿ ಸಿಸಿ ಕ್ಯಾಮೆರಾ ಕಂಡೊಡನೆ ಆರ್ವೆಲ್ ನೆನಪಾಗುತ್ತಾನೆ. ಮನೆಯೊಳಗಿನ ಮಾತನ್ನೂ ಮುಖಭಾವವನ್ನೂ ಹಿಡಿಯುವ ಟೆಲಿಸ್ಕ್ರೀನ್ ಅಲ್ಲಿ ಇರುವುದೇನೋ ಹೌದು. ಆದರೆ ಜನಸಂಖ್ಯೆಯ ಶೇ. 85ರಷ್ಟಿರುವ ಶ್ರಮಿಕರಲ್ಲಿ ಹೆಚ್ಚಿನವರ ಮನೆಗಳಲ್ಲಿ ಅದು ಇಲ್ಲ. ಕಾದಂಬರಿಯಲ್ಲಿ ಆಳುವ ಪಕ್ಷದ ಹಸಿವು ನೋಡುವುದರಿಂದ ತೀರುವಂಥದ್ದಲ್ಲ. ಅದಕ್ಕೆ ಗತಕಾಲವೇ ಬೇಕು. ಗತಕಾಲವನ್ನು ತಿದ್ದುವುದೇ ವಿನ್‌ಸ್ಟನ್‌ನ ನೌಕರಿ. ವರ್ಷವಿಡೀ ಚಾಕೊಲೇಟ್ ಪಡಿತರ ಇಳಿಸುವುದಿಲ್ಲ ಎಂದು ಸಚಿವಾಲಯ ಫೆಬ್ರುವರಿಯಲ್ಲಿ ಮಾತು ಕೊಟ್ಟಿರುತ್ತದೆ. ಏಪ್ರಿಲ್‌ನಲ್ಲಿ ಪಡಿತರ 30 ಗ್ರಾಮಿನಿಂದ 20ಕ್ಕೆ ಇಳಿಯುತ್ತದೆ. ಕೊಟ್ಟ ಮಾತನ್ನು ಅಳಿಸಿ, ಇಳಿಕೆ ಆಗಬಹುದೆಂದು ಮೊದಲೇ ಹೇಳಿದ್ದಂತೆ ಹಳೆಯ ಪತ್ರಿಕೆಯ ಪ್ರತಿಯನ್ನು ಅವನು ತಿದ್ದುತ್ತಾನೆ. ಮೂಲದ ಕಾಗದ ಗೋಡೆಯ ಕಂಡಿಯ ಮೂಲಕ ಕುಲುಮೆ ಸೇರುತ್ತದೆ. ಅಷ್ಟರಲ್ಲೇ ಟೆಲಿಸ್ಕ್ರೀನ್ ಇನ್ನೊಂದು ಸುದ್ದಿ ಬಿತ್ತರಿಸುತ್ತದೆ: ಪಡಿತರವನ್ನು 20 ಗ್ರಾಮಿಗೆ ಏರಿಸಿದ್ದಕ್ಕೆ ಬಿಗ್ ಬ್ರದರ್‌ಗೆ ಕೃತಜ್ಞತೆ ಹೇಳಲು ಜನ ಮೆರವಣಿಗೆ ಹೊರಟಿದ್ದಾರೆ! ಪಕ್ಕದಲ್ಲಿ ಕೂತು ಉಣ್ಣುತ್ತಿರುವ ಸಹೋದ್ಯೋಗಿಗಳು ಅದನ್ನು ನಂಬುತ್ತಾರೆ. ನೆನಪು ಉಳಿದಿರುವುದು ತನಗೊಬ್ಬನಿಗೇ ಇರಬಹುದೇ ಎಂಬ ವಿನ್‌ಸ್ಟನ್‌ನ ಭಯದಲ್ಲಿ ಕಾದಂಬರಿಯ ಜೀವವಿದೆ. ವಿದ್ಯಾರ್ಥಿಗಳು ನಿಧಾನವಾಗಿ ಓದಬೇಕಾದ ಪುಟಗಳು ಇವು.

ಆರ್ವೆಲ್ ಎಲ್ಲವನ್ನೂ ಪರದೇಶದ ಸರ್ವಾಧಿಕಾರಿಗಳಿಂದಲೇ ಪಡೆದ ಎಂಬುದೂ ಅರೆಸತ್ಯ. 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ, ಸರ್ಕಾರದ ಅಫೀಮು ಇಲಾಖೆಯ ನೌಕರನ ಮಗನಾಗಿ ಹುಟ್ಟಿದ ಅವನು ಬರ್ಮಾದಲ್ಲಿ ವಸಾಹತು ಪೊಲೀಸ್ ಅಧಿಕಾರಿಯಾಗಿ ದರ್ಪವನ್ನು ತಾನೇ ಚಲಾಯಿಸಿದ್ದ. 1941ರಿಂದ 1943ರವರೆಗೆ ಬಿಬಿಸಿಯಲ್ಲಿ ಭಾರತದ ಕೇಳುಗರಿಗಾಗಿ, ಸೆನ್ಸಾರ್ ಕಣ್ಣಡಿಯಲ್ಲಿ ಕಾರ್ಯಕ್ರಮ ತಯಾರಿಸಿದ.

ಕಾದಂಬರಿಯಲ್ಲಿ ಕಿಂಚಿತ್ತೂ ಆಸೆ ಉಳಿಯುವುದಿಲ್ಲ ಎಂಬ ತೀರ್ಪು ವಿನ್‌ಸ್ಟನ್‌ನ ಕಥೆಗೆ ಸಲ್ಲುತ್ತದೆ, ಪುಸ್ತಕಕ್ಕೆ ಪೂರ್ತಿ ಸಲ್ಲುವುದಿಲ್ಲ. ಕಥೆ ಮುಗಿದ ಮೇಲೆ ಪಕ್ಷ ರೂಪಿಸಿದ ಭಾಷೆಯಾದ 'ನ್ಯೂಸ್ಪೀಕ್' ಕುರಿತು ಅನುಬಂಧವೊಂದಿದೆ. ಅದು ಸಾಮಾನ್ಯ ಇಂಗ್ಲಿಷಿನಲ್ಲಿದೆ, ಭೂತಕಾಲದಲ್ಲಿದೆ. ಆ ಆಡಳಿತ ಎಂದೋ ಅಳಿದುಹೋಗಿದೆ ಎಂಬಂತೆ. ವಿಮರ್ಶಕರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಅನುಬಂಧದ ಮಹತ್ವ ಆರ್ವೆಲ್‌ಗೆ ಎಷ್ಟಿತ್ತೆಂಬುದು ಮಾತ್ರ ಸ್ಪಷ್ಟ. ಅಮೆರಿಕದ 'ಬುಕ್ ಆಫ್ ದಿ ಮಂತ್ ಕ್ಲಬ್' ಅದನ್ನು ಕೈಬಿಡಲು ಕೇಳಿದಾಗ, ಕ್ಷಯರೋಗದಿಂದ ಬಳಲುತ್ತಿದ್ದ ಅವನು ದೊಡ್ಡ ಆದಾಯ ತಪ್ಪಿದರೂ ಸರಿ ಎಂದು ಒಪ್ಪಲಿಲ್ಲ. ಕ್ಲಬ್ಬೇ ಕೊನೆಗೆ ಪುಸ್ತಕವನ್ನು ಇಡಿಯಾಗಿ ಸ್ವೀಕರಿಸಿತು.