ಹಂದಿಮರಿಯ ಶ್ವಾಸಕೋಶಕ್ಕೊಂದು ಲಸಿಕೆ

ಹಂದಿಗಳಿಗೆ ಬ್ಯಾಕ್ಟೀರಿಯಾಗಳಿಂದ ಬರುವ ಉಸಿರಾಟದ ರೋಗಗಳಲ್ಲಿ ಮೈಕೋಪ್ಲಾಸ್ಮಾ ಹಯೋನ್ಯುಮೋನಿಯೆ ತರುವ ದೀರ್ಘಕಾಲದ ನ್ಯುಮೋನಿಯಾ ಜಗತ್ತಿನ ಬಹುತೇಕ ಹಂದಿ ಸಾಕಣೆಯ ನಾಡುಗಳನ್ನು ಕಾಡಿದೆ. 1965ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಸಂಶೋಧಕರು ಬೇರೆಬೇರೆಯಾಗಿ ಗುರುತಿಸಿದ ಈ ಜೀವಾಣುವಿಗೆ ಕೋಶಭಿತ್ತಿ ಇಲ್ಲದಿರುವುದರಿಂದ, ಆ ಭಿತ್ತಿಯ ರಚನೆಯನ್ನೇ ಕೆಡಿಸಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಪೆನಿಸಿಲಿನ್ ಇದರ ಮುಂದೆ ನಿಷ್ಫಲವಾಗುತ್ತದೆ. ಶ್ವಾಸನಾಳದ ಕಫವನ್ನೂ ಧೂಳನ್ನೂ ಮೇಲಕ್ಕೆ ನೂಕುವ ಸಿಲಿಯಾ ಎಂಬ ಸೂಕ್ಷ್ಮ ರೋಮಗಳಿಗೆ ಅಂಟಿಕೊಂಡು ಇದು ಅವುಗಳನ್ನು ನಾಶಮಾಡುತ್ತದೆ. ಕಾವಲಿಲ್ಲದ ಆ ದಾರಿಯಲ್ಲಿ ಪಾಸ್ಚುರೆಲ್ಲಾದಂಥ ಇತರ ಬ್ಯಾಕ್ಟೀರಿಯಾಗಳು ಇಳಿದಾಗ ರೋಗ ಉಲ್ಬಣಿಸುತ್ತದೆ. ಈ ಜೀವಾಣು ಒಂದೇ ಇದ್ದಾಗ ಸಾವು ವಿರಳ, ಆದರೆ ಒಣಕೆಮ್ಮು ವಾರಗಟ್ಟಲೆ ಉಳಿದು ಬೆಳವಣಿಗೆ ಕುಂಠಿತವಾಗುತ್ತದೆ.

ಬಳಕೆಯಲ್ಲಿರುವ ಲಸಿಕೆಗಳು ಬಹುಮಟ್ಟಿಗೆ ಕೊಂದ ಜೀವಾಣುಗಳಿಂದ ತಯಾರಾದವು. ಅವು ಶ್ವಾಸಕೋಶದ ಗಾಯವನ್ನೂ ಕೆಮ್ಮನ್ನೂ ತಗ್ಗಿಸಿ ತೂಕ ಏರಲು ನೆರವಾಗುತ್ತವೆಯೇ ಹೊರತು, ಜೀವಾಣು ನೆಲೆಸುವುದನ್ನೂ ಹರಡುವುದನ್ನೂ ಪೂರ್ತಿ ತಡೆಯಲಾರವು. ಇದನ್ನು ಲಸಿಕೆಯ ಸೋಲೆನ್ನುವುದು ಅನ್ಯಾಯ. ಗಾಯ ಕಡಿಮೆಯಾದಷ್ಟೂ ಪ್ರಾಣಿಯ ಯಾತನೆ ಕಡಿಮೆ, ಆ್ಯಂಟಿಬಯೋಟಿಕ್‌ಗಳ ಅಗತ್ಯವೂ ಕಡಿಮೆ.

ಲಸಿಕೆ ಹಾಕುವ ಕಾಲದ ಆಯ್ಕೆ ಹೆಚ್ಚು ಸೂಕ್ಷ್ಮವಾದುದು. ಹಂದಿಯ ಗರ್ಭವೇಷ್ಟನದ ಮೂಲಕ ತಾಯಿಯ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು, ಭ್ರೂಣವನ್ನು ತಲುಪುವುದಿಲ್ಲವಾದ್ದರಿಂದ, ಹುಟ್ಟಿದ ಮೊದಲ ಒಂದೂವರೆ ದಿನದೊಳಗೆ ಕುಡಿದ ಗಿಣ್ಣುಹಾಲೇ ಮರಿಗೆ ರಕ್ಷೆ. ಅದೇ ಪ್ರತಿಕಾಯಗಳು ಎಳೆಯ ಮರಿಗೆ ಕೊಟ್ಟ ಲಸಿಕೆಯ ಪರಿಣಾಮವನ್ನು ಕುಗ್ಗಿಸಲೂಬಹುದು. ಮೂಗಿನೊಳಗಿನ ಸುರುಳಿ ಎಲುಬುಗಳು ಸವೆದು ಮೂತಿ ಸೊಟ್ಟಗಾಗುವ ರೈನೈಟಿಸ್ ರೋಗದಲ್ಲಿಯಾದರೋ ಈ ಗಿಣ್ಣುಹಾಲಿನ ದಾರಿಯನ್ನೇ ನೆಚ್ಚಿ, ಗರ್ಭಿಣಿ ತಾಯಿಹಂದಿಗೆ ಲಸಿಕೆ ಹಾಕಿ ಮರಿಗಳನ್ನು ಕಾಯಲಾಗುತ್ತದೆ.

ಹಠಾತ್ತಾಗಿ ಕೊಲ್ಲುವ ಆ್ಯಕ್ಟಿನೊಬ್ಯಾಸಿಲಸ್ ಪ್ಲೂರೋನ್ಯುಮೋನಿಯೆ ಎಂಬ ಇನ್ನೊಂದು ಶ್ವಾಸಕೋಶದ ಬ್ಯಾಕ್ಟೀರಿಯಾದ ತೊಡಕು ಬೇರೆಯದು. ಹೊರಕವಚದ ವ್ಯತ್ಯಾಸದಿಂದ ಇದರಲ್ಲಿ ಹದಿನೈದಕ್ಕೂ ಹೆಚ್ಚು ಪ್ರಭೇದಗಳಿದ್ದು, ಒಂದರ ಕೊಂದ ಜೀವಾಣುವಿನ ಲಸಿಕೆ ಮತ್ತೊಂದರೆದುರು ಹೆಚ್ಚಾಗಿ ಕೈಕೊಡುತ್ತದೆ. ಆದ್ದರಿಂದಲೇ ಹಲವು ಪ್ರಭೇದಗಳಿಗೆ ಸಮಾನವಾದ ವಿಷಗಳನ್ನು ನಿರ್ವಿಷಗೊಳಿಸಿ ಲಸಿಕೆಯಲ್ಲಿ ಸೇರಿಸುವ ಕ್ರಮ ಬೆಳೆಯಿತು.

ಸ್ವಿಟ್ಜರ್ಲೆಂಡ್ ಲಸಿಕೆಯನ್ನು ನೆಚ್ಚದೆ, 1990ರ ದಶಕದ ನಡುವಿನಿಂದ ಪ್ರದೇಶವಾರಾಗಿ ಎಳೆಯ ಹಂದಿಗಳನ್ನು ತೆರವುಮಾಡಿ, ಉಳಿದ ವಯಸ್ಕ ಹಂದಿಗಳಿಗೆ ಔಷಧ ಕೊಟ್ಟು, ಮೈಕೋಪ್ಲಾಸ್ಮಾ ರೋಗವನ್ನು ತನ್ನ ಹಿಂಡುಗಳಿಂದ ಬಹುತೇಕ ನಿರ್ಮೂಲ ಮಾಡಿತು. ಅಲ್ಲಿನ ಕಾಡುಹಂದಿಗಳಲ್ಲಿ ಅದೇ ಜೀವಾಣು ಕಂಡುಬಂದಿರುವುದರಿಂದ, ಹಿಂಡುಗಳ ಮೇಲಿನ ನಿಗಾ ಇಂದಿಗೂ ಅನಿವಾರ್ಯವಾಗಿದೆ.